ಆಫೀಸೇ ತಲೆಕೆಳಗಾಗಿರುವಾಗ ಬಾಸ್ ಜೊತೆ ಕೆಲಸ ಮಾಡೋದು ಹೇಗೆ? ಅನುಭವ ಇರುವ ಇಎಗಳು ದಯವಿಟ್ಟು ಹೇಳಿ

ಬೆಳ್ಳಂದೂರು_ಗೇಟ್

ನಮಸ್ಕಾರ ಎಲ್ಲರಿಗೂ. ನಾನು ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ನಾಲ್ಕು ವರ್ಷದಿಂದ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ (ಇಎ). ನಮ್ಮ ಸರ್ ಇಂಡಿಯಾ ಹೆಡ್. ಒಳ್ಳೆಯ ಮನುಷ್ಯ, ಇಷ್ಟು ವರ್ಷದಲ್ಲಿ ಒಂದು ಮಾತೂ ಜೋರಾಗಿ ಆಡಿದವರಲ್ಲ. ಆದರೆ ಒಂದೂವರೆ ತಿಂಗಳಿಂದ ಆಫೀಸಿನಲ್ಲಿ ಏನೂ ಸರಿಯಿಲ್ಲ. ಅಮೆರಿಕದ ಹೆಡ್ ಆಫೀಸಿನವರು ಎರಡು ವಿಭಾಗ ಸೇರಿಸಿ ಒಂದು ಮಾಡುತ್ತೇವೆ ಅಂದಿದ್ದಾರೆ. ಕೆಲವರ ಕೆಲಸ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಸರ್ ಬೆಳಗ್ಗೆ ಬಂದವರೇ ಬಾಗಿಲು ಹಾಕಿಕೊಂಡು ಕೂರುತ್ತಾರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿದ ಮೇಲೆ ನಮ್ಮ ರಾತ್ರಿ 8:30ರ ಕಾಲ್ 9:30ಕ್ಕೆ ಹೋಗಿದೆ. ಮುಗಿಯುವುದು 11ಕ್ಕೋ 12ಕ್ಕೋ. ಅಷ್ಟರಲ್ಲಿ ಮರುದಿನದ ಕ್ಯಾಲೆಂಡರ್ ಅರ್ಧ ಬದಲಾಗಿರುತ್ತದೆ, ಬೆಳಗ್ಗೆ ತೆರೆದು ನೋಡಿದಾಗಲೇ ನನಗೆ ಗೊತ್ತಾಗೋದು.

ಇದರ ಮಧ್ಯೆ ಡಿಸೆಂಬರ್ ಮೊದಲ ವಾರ ದೇಶದ ತುಂಬಾ ವಿಮಾನಗಳು ಸಾಲಾಗಿ ರದ್ದಾದವಲ್ಲ, ಆಗ ಸರ್ ದೆಹಲಿಯಲ್ಲಿದ್ದರು. 4ನೇ ತಾರೀಖು ಗುರುವಾರ ಸಂಜೆ ಅವರ ವಿಮಾನ ರದ್ದಾಯಿತು. ಶುಕ್ರವಾರ ಬೆಳಗ್ಗೆ 10ಕ್ಕೆ ಇಲ್ಲಿ ಗ್ರಾಹಕರ ಮೀಟಿಂಗ್ ಇತ್ತು. ನಾನು ಪರದಾಡಿ ಬೇರೆ ಕಂಪನಿಯ ವಿಮಾನದಲ್ಲಿ ಒಂದು ಸೀಟು ಹಿಡಿದೆ. ಅದೇ ಹೊತ್ತಿಗೆ ಸರ್ ತಮ್ಮ ಸ್ನೇಹಿತರಿಗೆ ಹೇಳಿ ಇನ್ನೊಂದು ಟಿಕೆಟ್ ಮಾಡಿಸಿಕೊಂಡಿದ್ದರು. ಎರಡಕ್ಕೂ ದುಡ್ಡು ಹೋಯಿತು. ಗ್ರಾಹಕರಿಗೆ ನಾನು ಹೇಳಿದ್ದೇನೆ ಅಂತ ಸರ್ ಅಂದುಕೊಂಡಿದ್ದರು, ಸರ್ ಹೇಳಿದ್ದಾರೆ ಅಂತ ನಾನು. ಅವರು ನಮ್ಮ ಆಫೀಸಿಗೆ ಬಂದು ಅರ್ಧ ಗಂಟೆ ಕಾದು ಹೋದರು. ಸೋಮವಾರ ಸರ್ ಹೇಳಿದ್ದು ಇಷ್ಟೇ: "ನನಗೆ ಒಂದು ಮಾತು ಹೇಳಬೇಕಿತ್ತಲ್ಲ?" ನಾನು ಆ ಸಂಜೆ ಅವರಿಗೆ ವಾಟ್ಸಾಪಿನಲ್ಲಿ 23 ಮೆಸೇಜ್ ಕಳಿಸಿದ್ದೆ. ನಿಜವಾಗಲೂ ಎಣಿಸಿ ನೋಡಿದೆ.

ಇನ್ನೊಂದು ಕಷ್ಟ ಕ್ಯಾಂಟೀನಿನಲ್ಲಿ. ಜೊತೆಗೆ ಊಟ ಮಾಡುವವರೇ "ಲಿಸ್ಟ್ ಬಂತಾ, ನನ್ನ ಹೆಸರಿದೆಯಾ" ಅಂತ ಕೇಳುತ್ತಾರೆ. ಕೇಳುವವರ ಮುಖ ನೋಡಲು ಆಗುವುದಿಲ್ಲ.

ನನಗೆ ಕೆಲಸ ಬರುತ್ತದೆ. ಎಲ್ಲ ನೆಟ್ಟಗಿದ್ದಾಗ ಹೇಗೆ ಮಾಡಬೇಕು ಅಂತ ಗೊತ್ತು. ಇಂಥ ಸಮಯದಲ್ಲಿ ಹೇಗೆ ಅಂತ ತಿಳಿಯುತ್ತಿಲ್ಲ. ಹೇಳಿ.

ಹಳೇ_ಶಾರ್ಟ್‌ಹ್ಯಾಂಡ್

ನೋಡಮ್ಮ, ನಾನು ವಯಸ್ಸಿನಲ್ಲಿ ದೊಡ್ಡವಳು, ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಟೈಪ್‌ರೈಟರ್ ಕಾಲದಲ್ಲಿ ಸೇರಿ 31 ವರ್ಷ ಇದೇ ಕೆಲಸ ಮಾಡಿ 2021ರಲ್ಲಿ ನಿವೃತ್ತಳಾದೆ. ಐದು ಜನ ಬಾಸ್‌ಗಳನ್ನು ನೋಡಿದ್ದೇನೆ.

ಆ 23 ಮೆಸೇಜನ್ನು ನೀನೇ ಒಂದು ಸಲ ಮೇಲಿಂದ ಕೆಳಗೆ ಓದು. ನೀನು ಕಷ್ಟಪಟ್ಟಿದ್ದು ಕಾಣುತ್ತದೆ. ಆದರೆ ಗದ್ದಲದ ಏರ್‌ಪೋರ್ಟಿನಲ್ಲಿ, ಒಂದು ಕೈಯಲ್ಲಿ ಬ್ಯಾಗ್ ಹಿಡಿದು ಸಾಲಿನಲ್ಲಿ ನಿಂತವರಿಗೆ ಅದರಲ್ಲಿ ಉತ್ತರ ಯಾವುದು, ಪ್ರಶ್ನೆ ಯಾವುದು ಅಂತ ಕಾಣುವುದಿಲ್ಲ. "ಸರ್ ನೋಡ್ತಾ ಇದ್ದೇನೆ", "ಸರ್ ಒಂದು ನಿಮಿಷ", "ಸರ್ ಸೀಟು ಹೋಯ್ತು" ಇವೆಲ್ಲ ನಿನ್ನ ಗಾಬರಿ, ಅವರಿಗೆ ಬೇಕಾದ ಸುದ್ದಿ ಅಲ್ಲ. ನಾನಾಗಿದ್ದರೆ ಇಪ್ಪತ್ತು ನಿಮಿಷ ಸುಮ್ನೆ ಕೂತು ಕೆಲಸ ಮಾಡಿ, ಆಮೇಲೆ ಒಂದೇ ಒಂದು ಕಳಿಸುತ್ತಿದ್ದೆ:

"ಸರ್, 6:40ರ ವಿಮಾನ ರದ್ದು. ರಾತ್ರಿ 9:15ಕ್ಕೆ ಒಂದಿದೆ, ಬೆಳಗ್ಗೆ 5:50ಕ್ಕೆ ಇನ್ನೊಂದು. 9:15ರದ್ದು ಬುಕ್ ಮಾಡಿದ್ದೇನೆ, ನೀವು ಬೇರೆ ಮಾಡಿಸಬೇಡಿ. ಇವತ್ತಿನ ರಾತ್ರಿಗೆ ಹೋಟೆಲ್ ರೂಮ್ ಬಿಟ್ಟಿಲ್ಲ, ಆ ವಿಮಾನವೂ ರದ್ದಾದರೆ ಇರಲಿ ಅಂತ. ನಾಳೆ 10ರ ಮೀಟಿಂಗ್ ವಿಡಿಯೊದಲ್ಲಿ ಅಂತ ಗ್ರಾಹಕರಿಗೆ ಫೋನ್ ಮಾಡಿ ಹೇಳಿದ್ದೇನೆ, ಒಪ್ಪಿದ್ದಾರೆ. 9:15 ಸರಿನಾ? 7 ಗಂಟೆಯೊಳಗೆ ಒಂದು ಅಕ್ಷರ ಹಾಕಿ. ಬರದಿದ್ದರೆ ಸರಿ ಅಂತಲೇ ತಿಳಿಯುತ್ತೇನೆ."

ಏನಾಗಿದೆ, ನಾನು ಏನು ಮಾಡಿದೆ, ನಿಮ್ಮಿಂದ ಏನು ಬೇಕು, ಎಷ್ಟು ಹೊತ್ತಿಗೆ, ನೀವು ಉತ್ತರಿಸದಿದ್ದರೆ ನಾನು ಏನು ಮಾಡುತ್ತೇನೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅದೊಂದು ಸಾಲು ಇದ್ದರೆ ಎರಡು ಟಿಕೆಟ್ ಆಗುತ್ತಿರಲಿಲ್ಲ.

ಆದರೆ "ಬರದಿದ್ದರೆ ಸರಿ ಅಂತ ತಿಳಿಯುತ್ತೇನೆ" ಅಂತ ಬರೆಯಲು ಅಧಿಕಾರ ಬೇಕಲ್ಲ, ಅದನ್ನು ಗಲಾಟೆ ಆಗುವ ಮೊದಲೇ ಕೇಳಿ ತೆಗೆದುಕೊಂಡಿರಬೇಕು. 2016ರ ಸೆಪ್ಟೆಂಬರ್ 12 ನೆನಪಿದೆಯಾ? ಕಾವೇರಿ ಗಲಾಟೆ, ಬಸ್ಸುಗಳು ಸುಟ್ಟ ದಿನ. ನಮ್ಮಲ್ಲಿ ಹೊರದೇಶದ ಮೂವರು ಅತಿಥಿಗಳು ಮೈಸೂರು ರಸ್ತೆ ಕಡೆಯ ಫ್ಯಾಕ್ಟರಿಯಲ್ಲಿದ್ದರು. ಸಂಜೆ ಹೋಟೆಲಿಗೆ ವಾಪಸ್ ಕರೆತರಬೇಕು. ಸಾಹೇಬರಿಗೆ ಫೋನ್ ಸಿಗುತ್ತಿಲ್ಲ. ಕಾರು ಹೊರಡಿಸಬೇಡಿ, ಒಳಗೇ ಇರಲಿ, ಗೆಸ್ಟ್ ರೂಮಿನಲ್ಲಿ ಹಾಸಿಗೆ ಹಾಕಿಸಿ, ಕ್ಯಾಂಟೀನಿನವರನ್ನು ನಿಲ್ಲಿಸಿಕೊಳ್ಳಿ ಅಂತ ನಾನೇ ಹೇಳಿದೆ. ಅಂದು ರಾತ್ರಿ ನಗರದ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ಜನರ ಸುರಕ್ಷತೆ ವಿಷಯದಲ್ಲಿ ನನ್ನನ್ನು ಕೇಳಬೇಡಿ, ಮಾಡಿಬಿಡಿ ಅಂತ ಸಾಹೇಬರು ಹಿಂದೆಯೇ ಹೇಳಿದ್ದರಿಂದ ನನ್ನ ಕೈ ನಡುಗಲಿಲ್ಲ.

ಹಾಗಾಗಿ ಒಂದು ಹಾಳೆಯಲ್ಲಿ ಬರೆದುಕೊಂಡು ಅವರ ಮುಂದೆ ಇಡು. ಕೇಳದೆ ಮಾಡುವುದು ಯಾವುದು, ಮಾಡಿ ಹೇಳುವುದು ಯಾವುದು, ಕೇಳಿಯೇ ಮಾಡುವುದು ಯಾವುದು. ಎಷ್ಟು ರೂಪಾಯಿವರೆಗೆ ಅಂತಲೂ ಬರೆಸಿಕೋ. ಹತ್ತು ನಿಮಿಷದ ಕೆಲಸ.

ಮಾರತ್ತಹಳ್ಳಿ_ಸೇತುವೆ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾಗದದ ಬಗ್ಗೆ ಸೇರಿಸುತ್ತೇನೆ.

2022ರ ಸೆಪ್ಟೆಂಬರ್ 4ರ ರಾತ್ರಿ ಮಳೆ, 5ಕ್ಕೆ ಸೋಮವಾರ. ಔಟರ್ ರಿಂಗ್ ರೋಡ್ ಕೆರೆ ಆಗಿತ್ತು, ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ಫೋಟೋ ಎಲ್ಲ ಕಡೆ ಬಂತಲ್ಲ, ಅದೇ ವಾರ. ನಮ್ಮ ಬಾಸ್ ಮೇಡಂ ಮನೆ ಯಮಲೂರಿನ ಹತ್ತಿರ. ಮನೆಯೊಳಗೆ ನೀರು, ಕರೆಂಟಿಲ್ಲ, ಇದ್ದ ಒಂದು ಫೋನಿನಲ್ಲಿ ಚಾರ್ಜ್ 9 ಪರ್ಸೆಂಟ್. ಅವರು ನನಗೆ ಮಾಡಿದ್ದು ಒಂದೇ ಕಾಲ್, ಒಂದು ನಿಮಿಷವೂ ಇಲ್ಲ. "ಅಮ್ಮನ ಮಾತ್ರೆ, ಮೂರು ಗಂಟೆಯ ರಿವ್ಯೂ, ಡ್ರೈವರ್" ಅಂದರು, ಕಟ್ಟಾಯಿತು.

ಅವರ ತಾಯಿ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಡಾಕ್ಟರ್ ಯಾರು, ಡ್ರೈವರ್ ಮನೆ ಎಲ್ಲಿ, ಡ್ರೈವರ್ ಹೆಂಡತಿಯ ನಂಬರು, ಪಕ್ಕದ ಮನೆಯವರ ನಂಬರು, ಎಲ್ಲ ನನ್ನ ಬ್ಯಾಗಿನಲ್ಲಿ ಒಂದು ಮಡಿಸಿದ ಹಾಳೆಯಲ್ಲಿತ್ತು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆದಾಗ ಏನೂ ಬರೆದಿಟ್ಟುಕೊಳ್ಳದೆ ಒದ್ದಾಡಿದ್ದೆ, ಆಮೇಲೆ ಮಾಡಿಕೊಂಡ ಹಾಳೆ ಅದು. ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯುತ್ತೇನೆ. ಮೇಡಂ ಒಪ್ಪಿಗೆ ತೆಗೆದುಕೊಂಡೇ ಬರೆದಿದ್ದು, ಅದು ಮುಖ್ಯ, ಬೇರೆಯವರ ಮನೆ ವಿಷಯ ಅಲ್ವಾ. ಪಾಸ್‌ವರ್ಡ್, ಕಾರ್ಡ್ ನಂಬರ್ ಅದರಲ್ಲಿ ಇಲ್ಲ.

ಮೂರು ಗಂಟೆಯ ರಿವ್ಯೂ ಏನು ಮಾಡಿದೆ ಅಂದರೆ, ಅವರ ಕೆಳಗಿನ ಮ್ಯಾನೇಜರ್‌ಗೆ ಕಾಲ್ ಮಾಡಿ "ನೀವು ನಡೆಸಿ, ತೀರ್ಮಾನ ಏನಿದ್ದರೂ ನಾಳೆಗೆ ಇಡಿ" ಅಂದೆ. ಯಾವ ಮೀಟಿಂಗ್ ಬಾಸ್ ಇಲ್ಲದೆ ನಡೆಯಬಹುದು, ಯಾವುದು ನಿಲ್ಲಬೇಕು, ಯಾವುದಕ್ಕೆ ಯಾರು ಬದಲಿ ಅಂತ ಮೊದಲೇ ಗೊತ್ತಿದ್ದರೆ ಕ್ಯಾಲೆಂಡರ್ ಎಷ್ಟು ಚೆಲ್ಲಾಪಿಲ್ಲಿ ಆದರೂ ಎತ್ತಿ ಜೋಡಿಸಬಹುದು. ವಾರದ ಶುರುವಿನಲ್ಲೇ ನಾನು ಗುರುತು ಹಾಕಿಡುತ್ತೇನೆ. ಅಲುಗಾಡಿಸಬಾರದ ಮೀಟಿಂಗ್ ವಾರಕ್ಕೆ ನಾಲ್ಕೈದು ಇದ್ದರೆ ಜಾಸ್ತಿ.

ವಿಮಾನದ ವಿಷಯಕ್ಕೆ ಎರಡು ಮಾತು. ಟ್ರಾವೆಲ್ ಏಜೆಂಟ್ ಬುಕ್ ಮಾಡಿದರೆ ಟಿಕೆಟ್‌ಗೆ ಎಷ್ಟೋ ಸಲ ಅವರದೇ ನಂಬರ್ ಹಾಕಿರುತ್ತಾರೆ, ರದ್ದಾದ ಮೆಸೇಜ್ ಅವರಿಗೆ ಹೋಗುತ್ತದೆ, ನಮಗೆ ಬರುವುದಿಲ್ಲ. ನಿಮ್ಮ ಮತ್ತು ಸರ್ ನಂಬರ್ ಇದೆಯಾ ನೋಡಿ. ಮತ್ತೆ, ವಿಮಾನ ಕಂಪನಿಯೇ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಲ್ಲಿದೆ. ಗಾಬರಿಯಲ್ಲಿ ನಾವೇ ಮೊದಲು ಕ್ಯಾನ್ಸಲ್ ಒತ್ತಿದರೆ ಚಾರ್ಜ್ ಬೀಳುತ್ತದೆ. ಮೂಲ ಟಿಕೆಟ್‌ನ ಹಣ ಪೂರ್ತಿ ಬಂತಾ ವಿಚಾರಿಸಿ.

ಮಲ್ಲೇಶ್ವರಂ_ಸಿಎಸ್

ನಾನು ಇಎ ಅಲ್ಲ, ಕಂಪನಿ ಸೆಕ್ರೆಟರಿ, ಅಂದರೆ ಕಂಪನಿ ಕಾನೂನಿನ ಪಾಲನೆ ನೋಡಿಕೊಳ್ಳುವವನು. ಆದರೆ ಇಎಗಳ ಜೊತೆಯೇ ದಿನವೆಲ್ಲ ಕೆಲಸ. ಕ್ಯಾಂಟೀನ್ ವಿಷಯ ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಲಿಸ್ಟ್ ಬಗ್ಗೆ ಕೇಳಿದವರಿಗೆ "ಏನೂ ಇಲ್ಲ, ತಲೆ ಕೆಡಿಸಿಕೊಳ್ಳಬೇಡಿ" ಅಂತ ಯಾವತ್ತೂ ಹೇಳಬೇಡಿ. ನಾಳೆ ಅವರ ಹೆಸರೇ ಬಂದರೆ ಆ ಮಾತು ಅವರಿಗೆ ಜೀವನಪೂರ್ತಿ ನೆನಪಿರುತ್ತದೆ. ಒಬ್ಬರಿಗೆ "ಗೊತ್ತಿಲ್ಲ", ಇನ್ನೊಬ್ಬರಿಗೆ ಮೌನ, ಇದೂ ಬೇಡ, ಯಾಕೆಂದರೆ ಜನ ಮೌನವನ್ನೂ ಓದುತ್ತಾರೆ. ಎಲ್ಲರಿಗೂ ಒಂದೇ ವಾಕ್ಯ ಇಟ್ಟುಕೊಳ್ಳಿ: "ಈ ವಿಷಯ ನನಗೆ ಗೊತ್ತಿದ್ದರೂ ಹೇಳುವ ಹಾಗಿಲ್ಲ, ಗೊತ್ತಿಲ್ಲದಿದ್ದರೂ ಇದೇ ಉತ್ತರ. ನೀವು ಕೇಳುತ್ತಿದ್ದೀರಿ ಅಂತ ಸರ್‌ಗೆ ಹೇಳಲಾ?" ಆಮೇಲೆ ನಿಜವಾಗಲೂ ಸರ್‌ಗೆ ಹೇಳಿ. ಹೆಸರು ಬೇಡ. "ಈ ವಾರ ಆರು ಜನ ಕೇಳಿದರು, ಎಲ್ಲರೂ ಒಂದೇ ಟೀಮಿನವರು" ಅಂದರೆ ಸಾಕು. ಬಾಗಿಲು ಹಾಕಿಕೊಂಡು ಕೂತವರಿಗೆ ಹೊರಗಿನ ಗಾಳಿ ತಿಳಿಯುವುದೇ ನಿಮ್ಮಿಂದ.

ಕ್ಯಾಲೆಂಡರಿನ ಶೀರ್ಷಿಕೆ ನೋಡಿಕೊಳ್ಳಿ. ಎಚ್‌ಆರ್ ಮತ್ತು ಲೀಗಲ್ ಜೊತೆ ಮೀಟಿಂಗ್ ಅಂತ ತೆರೆದು ಇಟ್ಟರೆ ಮೂರನೇ ಮಹಡಿಯವರೆಗೂ ಕಥೆ ಹೋಗುತ್ತದೆ. ಪ್ರೈವೇಟ್ ಅಂತ ಗುರುತು ಹಾಕಿ. ಎಲ್ಲರೂ ಬಳಸುವ ಪ್ರಿಂಟರಿಗೆ ಅಂಥ ಹಾಳೆ ಕಳಿಸಬೇಡಿ. ಸರ್ ಮೇಲ್ ನೋಡಬೇಕಾದರೆ ಐಟಿಯವರಿಂದ ಡೆಲಿಗೇಟ್ ಆಕ್ಸೆಸ್ (ನಿಮ್ಮ ಲಾಗಿನ್‌ನಿಂದಲೇ ಅವರ ಮೇಲ್ ನೋಡುವ ಅನುಮತಿ) ತೆಗೆದುಕೊಳ್ಳಿ, ಅವರ ಪಾಸ್‌ವರ್ಡ್, ಒಟಿಪಿ ನಿಮ್ಮ ಹತ್ತಿರ ಇರಬಾರದು. ಏನಾದರೂ ಸೋರಿದರೆ ಮೊದಲು ನೋಡುವುದು ನಿಮ್ಮ ಕಡೆಗೇ.

ನಿಮ್ಮ ಕಂಪನಿ ಇಲ್ಲಿ ಷೇರುಪೇಟೆಯಲ್ಲಿ ಲಿಸ್ಟ್ ಆಗಿದ್ದರೆ ಇನ್ನೂ ಹುಷಾರು. ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ಇನ್ಸೈಡರ್ ಟ್ರೇಡಿಂಗ್ (ಒಳಗಿನ ಮಾಹಿತಿ ಬಳಸಿ ಷೇರು ವ್ಯವಹಾರ) ನಿಯಮದಲ್ಲಿ, ಬೆಲೆಯ ಮೇಲೆ ಪರಿಣಾಮ ಬೀರುವ ಗುಟ್ಟಿನ ಮಾಹಿತಿ ಕೈಗೆ ಸಿಗುವ ಸೆಕ್ರೆಟರಿ ಸಿಬ್ಬಂದಿಯೂ ಲೆಕ್ಕಕ್ಕೆ ಬರುತ್ತಾರೆ. ವಿಲೀನದಂಥ ವಿಷಯ ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿ ತಪ್ಪಿ ಬಂದು, ಮೈದುನ ಷೇರು ಮಾರಿದರೂ ತೊಂದರೆ ನಿಮಗೆ.

ಬೋರ್ಡ್ ಮೀಟಿಂಗ್ ನಿಮ್ಮ ಕೈಯಲ್ಲಿದ್ದರೆ ಅದನ್ನು ಬೇರೆ ಮೀಟಿಂಗಿನ ಹಾಗೆ ಎಳೆದಾಡಬೇಡಿ. 2013ರ ಕಂಪನಿ ಕಾಯ್ದೆಯ 173ನೇ ಸೆಕ್ಷನ್ ಪ್ರಕಾರ ಕನಿಷ್ಠ 7 ದಿನದ ನೋಟಿಸ್ ಬೇಕು. ತುರ್ತಿಗೆ ಕಡಿಮೆ ದಿನದಲ್ಲಿ ಕರೆಯಬಹುದು, ಅದಕ್ಕೆ ಬೇರೆ ಷರತ್ತುಗಳಿವೆ. ನಿರ್ದೇಶಕರು ವಿಮಾನ ತಪ್ಪಿ ಎಲ್ಲೋ ಸಿಕ್ಕಿಹಾಕಿಕೊಂಡರೆ ವಿಡಿಯೊದಲ್ಲಿ ಸೇರಿದರೂ ಹಾಜರಿ ಲೆಕ್ಕಕ್ಕೆ ಬರುತ್ತದೆ. ದಿನಾಂಕ ಬದಲಿಸುವ ಮೊದಲು ನಿಮ್ಮ ಕಂಪನಿ ಸೆಕ್ರೆಟರಿಗೆ ಒಂದು ಫೋನ್ ಮಾಡಿ, ಅಷ್ಟೇ.

ಆ_ಕಡೆ_ಕೂತವನು

ಎಲ್ಲವನ್ನೂ ಓದಿದೆ. ನಾನು ನಿಮ್ಮ ಸರ್ ಕೂತಿರುವ ಕುರ್ಚಿಯಲ್ಲಿ ಕೂತವನು. ಎರಡು ವರ್ಷದ ಹಿಂದೆ ನಮ್ಮಲ್ಲೂ ಹೀಗೇ ಆಯಿತು.

ಅವರು ಯಾಕೆ ಮಾತಾಡುತ್ತಿಲ್ಲ ಅಂತ ನನಗೆ ಗೊತ್ತು ಅಂದುಕೊಂಡಿದ್ದೇನೆ. ಹೆಸರುಗಳು ಗೊತ್ತಿರುತ್ತವೆ, ಹೇಳುವಂತಿಲ್ಲ. ಬೆಳಗ್ಗೆ ಲಿಫ್ಟಿನಲ್ಲಿ ಸಿಕ್ಕವರು "ಸರ್, ಮಗಳ ಮದುವೆ ಫೆಬ್ರವರಿಗೆ, ಬರಬೇಕು" ಅಂತ ಕಾರ್ಡ್ ಕೊಡುತ್ತಾರೆ. ಅವರ ಹೆಸರು ನಮ್ಮ ಲ್ಯಾಪ್‌ಟಾಪಿನಲ್ಲಿರುತ್ತದೆ. ಅದಾದ ಮೇಲೆ ಕ್ಯಾಬಿನ್ ಬಾಗಿಲು ಹಾಕಿಕೊಳ್ಳದೆ ಏನು ಮಾಡೋದು ಹೇಳಿ. ಆ ತಿಂಗಳು ನನಗೆ ಸಣ್ಣಪುಟ್ಟದ್ದು ತೀರ್ಮಾನ ಮಾಡಲೂ ಆಗುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಏನು ತರಿಸಲಿ ಅಂತ ಕೇಳಿದರೂ ಸಿಟ್ಟು ಬರುತ್ತಿತ್ತು.

ನನ್ನ ಇಎ ಆಗ ಮಾಡಿದ ಒಂದು ಕೆಲಸ ಹೇಳುತ್ತೇನೆ. ಬೆಳಗ್ಗೆ 8:50ರಿಂದ 9ರವರೆಗೆ ತನ್ನ ಹೆಸರಿನಲ್ಲಿ ಕ್ಯಾಲೆಂಡರ್ ಬ್ಲಾಕ್ ಮಾಡಿದರು. ನನ್ನನ್ನು ಕೇಳಲೇ ಇಲ್ಲ. ಮೊದಲ ದಿನ ನೋಟ್‌ಬುಕ್ ಹಿಡಿದು ಬಂದು ನಿಂತರು. "ನಿನ್ನೆ ರಾತ್ರಿ ಏನು ಬದಲಾಯಿತು, ಇವತ್ತು ಯಾವುದು ತಪ್ಪಬಾರದು, ಯಾರಿಂದ ನಿಮ್ಮನ್ನು ದೂರ ಇಡಲಿ?" ಮೂರನೇ ಪ್ರಶ್ನೆ ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಷ್ಟು ದಿನದಲ್ಲಿ ನನಗೇನು ಬೇಕು ಅಂತ ಯಾರೂ ಕೇಳಿರಲಿಲ್ಲ. ಎರಡನೇ ವಾರದಿಂದ ಆ ಹತ್ತು ನಿಮಿಷಕ್ಕೆ ನಾನೇ ಕಾಯುತ್ತಿದ್ದೆ.

ಇನ್ನೊಂದು. ಲಿಸ್ಟಿನಲ್ಲಿದ್ದವರ ಜೊತೆ ನಾನು ಮಾತಾಡಬೇಕಾದ ದಿನ ನನ್ನ ಇಎ ಒಬ್ಬೊಬ್ಬರಿಗೂ 45 ನಿಮಿಷ ಇಟ್ಟು, ನಡುವೆ 15 ನಿಮಿಷ ಖಾಲಿ ಬಿಟ್ಟಿದ್ದರು. ಎಚ್‌ಆರ್ ಕೊಟ್ಟಿದ್ದು ತಲಾ 20 ನಿಮಿಷ. ರೂಮಿನೊಳಗೆ ನೀರು, ಟಿಶ್ಯೂ ಇತ್ತು. ಹೊರಗೆ ಬಂದವರು ಇಡೀ ಫ್ಲೋರ್ ದಾಟಿಕೊಂಡು ಹೋಗಬೇಕಾಗಿಲ್ಲದ ಹಾಗೆ ಲಿಫ್ಟಿನ ಪಕ್ಕದ ರೂಮ್ ಬುಕ್ ಮಾಡಿದ್ದರು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಿಮ್ಮಲ್ಲೂ ಆ ದಿನ ಬಂದರೆ ಇದೊಂದನ್ನು ನೆನಪಿಡಿ.

ಸರ್ ಸೋಮವಾರ ಹೇಳಿದ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ, ಆದರೆ ಹಾಗೇ ಬಿಡಲೂಬೇಡಿ. "ಸರ್, ಅವತ್ತು ನಮ್ಮಿಬ್ಬರ ನಡುವೆ ದಾರಿ ತಪ್ಪಿತು, ಮುಂದಿನ ಸಲ ಹೀಗೆ ಮಾಡೋಣ" ಅಂತ ಆ ಹಾಳೆ ಇಡಿ. ನಾನಾಗಿದ್ದರೆ ಖುಷಿಯಿಂದ ಒಪ್ಪುತ್ತಿದ್ದೆ.

ಬೆಳ್ಳಂದೂರು_ಗೇಟ್

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಏನಾಯಿತು ಅಂತ ಹೇಳಬೇಕಲ್ಲ.

ಬುಧವಾರ 8:50ಕ್ಕೆ ಬ್ಲಾಕ್ ಮಾಡಿದೆ. ಸರ್ "ಏನಿದು?" ಅಂದರು. "ನಂದು ಸರ್, ಹತ್ತೇ ನಿಮಿಷ" ಅಂದೆ. ಹಾಳೆ ಕೊಟ್ಟೆ. ಅವರು ಪೆನ್ ತೆಗೆದು 25,000 ಅಂತ ಇದ್ದದ್ದನ್ನು ಹೊಡೆದು 40,000 ಮಾಡಿದರು, ವಿಮಾನ ಮತ್ತು ಹೋಟೆಲಿಗೆ ಕೇಳಬೇಡಿ ಅಂದರು. ಗ್ರಾಹಕರ ಮೀಟಿಂಗ್ ಬದಲಾವಣೆ "ಮಾಡಿ ಹೇಳುವುದು" ಸಾಲಿನಲ್ಲಿ ಇಟ್ಟಿದ್ದೆ, ಅದನ್ನು "ಕೇಳಿಯೇ ಮಾಡುವುದಕ್ಕೆ" ತಂದರು. ಇಬ್ಬರು ಗ್ರಾಹಕರಿಗೆ ಮಾತ್ರ ತಾವೇ ಫೋನ್ ಮಾಡುತ್ತೇನೆ ಅಂದರು. ಇದು ನನಗೆ ನಾಲ್ಕು ವರ್ಷದಲ್ಲಿ ಗೊತ್ತೇ ಇರಲಿಲ್ಲ.

"ಯಾರಿಂದ ದೂರ ಇಡಲಿ" ಅಂತ ಕೇಳಲು ಮೊದಲ ದಿನ ಧೈರ್ಯ ಬರಲಿಲ್ಲ. ನಿನ್ನೆ ಕೇಳಿದೆ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಯಾರೂ ಬೇಡ ಅಂದರು. ಇಟ್ಟಿದ್ದೇನೆ.

ಮಲ್ಲೇಶ್ವರಂ ಸರ್, ನಿಮ್ಮ ವಾಕ್ಯ ಕಂಠಪಾಠ ಮಾಡಿಕೊಂಡೆ. ಮೊದಲ ಸಲ ಹೇಳುವಾಗ ಗಂಟಲು ಕಟ್ಟಿತು. ಆದರೆ ಕೇಳಿದ ಹುಡುಗಿ "ಸರಿ ಅಕ್ಕ, ಸರ್‌ಗೆ ಹೇಳಿ" ಅಂದಳು, ಆಮೇಲೆ ಊಟಕ್ಕೆ ಜೊತೆಗೇ ಕೂತೆವು.

ಒಂದು ಉಳಿಯಿತು. ರಾತ್ರಿ 9:30ರ ಕಾಲ್‌ಗೆ ನಾನೂ ಕೂತು ನೋಟ್ಸ್ ಬರೆಯಬೇಕು ಅಂತ ಅಂದುಕೊಂಡು ದಿನಾ ಕೂರುತ್ತಿದ್ದೇನೆ. ಮನೆ ಸೇರುವಾಗ 12:30. ಇದು ಬೇಕಾ? ಮತ್ತೆ ನನ್ನ ಹೆಸರೂ ಆ ಲಿಸ್ಟಿನಲ್ಲಿ ಇರಬಹುದು ಅಂತ ರಾತ್ರಿ ಯೋಚನೆ ಬರುತ್ತದೆ.

ಹಳೇ_ಶಾರ್ಟ್‌ಹ್ಯಾಂಡ್

ಸರ್ ನಿನ್ನನ್ನು ಕೂರಲು ಹೇಳಿದ್ದಾರಾ, ನೀನೇ ಕೂರುತ್ತಿದ್ದೀಯಾ? ಎರಡಕ್ಕೂ ವ್ಯತ್ಯಾಸ ಇದೆ ಕಣಮ್ಮ. ನಾಳೆ 8:50ಕ್ಕೆ ಕೇಳು. ಕಾಲ್ ಮುಗಿದ ಮೇಲೆ ಅವರೇ ಎರಡು ನಿಮಿಷದ ವಾಯ್ಸ್ ನೋಟ್ ಕಳಿಸಿದರೆ ಬೆಳಗ್ಗೆ ನೀನು ಕ್ಯಾಲೆಂಡರ್ ಸರಿಮಾಡಬಹುದು, ಇಬ್ಬರು ನಿದ್ದೆಗೆಡುವ ಬದಲು ಒಬ್ಬರಾದರೂ ಬೆಳಗ್ಗೆ ತಲೆ ನೆಟ್ಟಗೆ ಇಟ್ಟುಕೊಂಡಿರಬೇಕು. ಕೂರಲೇಬೇಕು ಅಂದ ದಿನ ಆಫೀಸಿನ ಕ್ಯಾಬ್ ತೆಗೆದುಕೋ, ಗೇಟಿನಿಂದ ಮನೆ ಬಾಗಿಲಿನವರೆಗೆ. ರಾತ್ರಿ ಹೆಣ್ಣುಮಕ್ಕಳ ಹತ್ತಿರ ಕೆಲಸ ಮಾಡಿಸಿದರೆ ವಾಹನ ಕೊಡುವುದು ಕಂಪನಿಯ ಜವಾಬ್ದಾರಿ, ಕೇಳಲು ಸಂಕೋಚ ಬೇಡ.

ಲಿಸ್ಟಿನ ವಿಷಯ ನೇರವಾಗಿ ಕೇಳು, ಆದರೆ ಹೆಸರು ಇದೆಯಾ ಅಂತ ಅಲ್ಲ. ಅವರು ಹೇಳಲಾರರು, ನೀನೂ ಕ್ಯಾಂಟೀನಿನ ಹುಡುಗಿಯ ಜಾಗದಲ್ಲಿ ನಿಲ್ಲುತ್ತೀಯಾ. "ಸರ್, ನನ್ನ ಕೆಲಸದ ಬಗ್ಗೆ ಹೇಳುವಂಥದ್ದು ಇದ್ದರೆ ನೀವೇ ಹೇಳಿ, ಬೇರೆಯವರಿಂದ ಕೇಳುವುದು ಬೇಡ" ಅಂತ ಹೇಳು. ಒಮ್ಮೆ ಹೇಳಿದರೆ ಸಾಕು. ಶುಕ್ರವಾರದ ಆ ಖಾಲಿ ಗಂಟೆ ಆದ ಮೇಲೆ ಕೇಳು, ಆಗ ಅವರೂ ಸ್ವಲ್ಪ ಸಮಾಧಾನವಾಗಿ ಇರುತ್ತಾರೆ.

ಬೆಳ್ಳಂದೂರು_ಗೇಟ್

ಕೇಳುತ್ತೇನೆ ಅಮ್ಮ. ಇವತ್ತು ಏಳಕ್ಕೇ ಹೊರಟೆ.